ಓದುಗರ ಪ್ರಶ್ನೆ: ಏಜೆಂಟ್ ಕೈಗೆ ಸಿಮ್ಯುಲೇಶನ್ ಕೊಡುವ ಮೊದಲು ಏನು ಬರೆದಿಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಸಿಮ್ಯುಲೇಶನ್ ಸಾಫ್ಟ್‌ವೇರನ್ನು ಎಐ ಏಜೆಂಟ್‌ಗೆ ಜೋಡಿಸಿದ್ದೇವೆ, ಅದಕ್ಕೆ ಡಾಕ್ಯುಮೆಂಟ್ ಹೇಗೆ ಬರೆಯಬೇಕು ಅಂತ. ಏಜೆಂಟ್ ಅಂದರೆ ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವ ಚಾಟ್‌ಬಾಟ್ ಅಲ್ಲ. ತಾನೇ ಫೈಲ್ ಬರೆದು, ಸಾಲ್ವರ್ (ಲೆಕ್ಕ ಬಿಡಿಸುವ ಪ್ರೋಗ್ರಾಂ) ಓಡಿಸಿ, ರಿಸಲ್ಟ್ ಓದಿ, ಮುಂದೇನು ಮಾಡಬೇಕು ಅಂತಲೂ ತಾನೇ ತೀರ್ಮಾನಿಸುವ ಎಐ. ನಾನು ಮೆಕ್ಯಾನಿಕಲ್ ಓದಿ, ಅನಾಲಿಸಿಸ್ ಕೆಲಸ ಮಾಡಿ, ಆಮೇಲೆ ಸಿಮ್ಯುಲೇಶನ್ ಟೂಲ್‌ಗಳಿಗೆ ಮ್ಯಾನ್ಯುಯಲ್ ಬರೆಯುವ ಕೆಲಸಕ್ಕೆ ಬಂದವಳು. ನನಗೆ ತುಂಬಾ ಹತ್ತಿರದ ವಿಷಯ ಇದು. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಮ್ಮದು ಪೀಣ್ಯದಲ್ಲಿ ಬ್ರಾಕೆಟ್ ಡಿಸೈನ್ ಮಾಡುವ ಸಣ್ಣ ಕಂಪನಿ. ಬಲ ಬಿದ್ದಾಗ ಭಾಗ ಎಷ್ಟು ತಾಳುತ್ತದೆ ಅಂತ ಲೆಕ್ಕ ಹಾಕಲು ಕ್ಯಾಲ್‌ಕ್ಯುಲಿಕ್ಸ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇವೆ. ಈಗ ಅದನ್ನು ಎಂಸಿಪಿ (ಸಾಫ್ಟ್‌ವೇರನ್ನು ಎಐಗೆ ಜೋಡಿಸುವ ಒಂದು ಮಾನದಂಡ) ಮೂಲಕ ಏಜೆಂಟ್‌ಗೆ ಜೋಡಿಸಿದ್ದೇವೆ. ಮ್ಯಾನ್ಯುಯಲ್‌ನ ಪಿಡಿಎಫ್ ಕೊಟ್ಟರೆ ಸಾಕಲ್ವಾ? ಬೇರೆ ಡಾಕ್ಯುಮೆಂಟ್ ಯಾಕೆ ಬೇಕು?
— ಆರ್.ಎಂ., ಬೆಂಗಳೂರು

ಉತ್ತರ: ಸಾಲದು. ಆ ಮ್ಯಾನ್ಯುಯಲ್ ಮೇಲೆ ನನಗೆ ತುಂಬಾ ಗೌರವ ಇದೆ. ಒಂದೊಂದು ಕೀವರ್ಡ್, ಒಂದೊಂದು ಎಲಿಮೆಂಟ್ ಬಗ್ಗೆ ಅದರಲ್ಲಿ ವಿವರ ಇದೆ. ಆದರೆ ಅದನ್ನು ಬರೆದದ್ದು ಮನುಷ್ಯರಿಗೆ. ಓದುವವರಿಗೆ ಒಂದಿಷ್ಟು ಅನುಭವ ಇರುತ್ತದೆ, ತಿಳಿಯದಿದ್ದರೆ ಪಕ್ಕದ ಟೇಬಲ್‌ನ ಸೀನಿಯರ್‌ನ ಕೇಳಿಕೊಳ್ಳುತ್ತಾರೆ ಅನ್ನುವ ಭರವಸೆಯಲ್ಲಿ ಎಲ್ಲ ಮ್ಯಾನ್ಯುಯಲ್‌ಗಳನ್ನೂ ಬರೆಯುತ್ತಾರೆ. ಏಜೆಂಟ್‌ಗೆ ಪಕ್ಕದ ಟೇಬಲ್ ಇಲ್ಲ. ತರಬೇತಿಯಲ್ಲಿ ಓದಿದ್ದು ಇದೆ, ನೀವು ಬರೆದುಕೊಟ್ಟದ್ದು ಇದೆ. ನಿಮ್ಮ ಆಫೀಸಿನ ರೂಢಿ ಅದಕ್ಕೆ ಎಲ್ಲಿಂದ ಗೊತ್ತಾಗಬೇಕು?

ನಿಮ್ಮ ಬ್ರಾಕೆಟ್‌ನ್ನೇ ತೆಗೆದುಕೊಳ್ಳೋಣ. ಕ್ಯಾಲ್‌ಕ್ಯುಲಿಕ್ಸ್‌ಗೆ ಯೂನಿಟ್ ಅನ್ನುವುದೇ ಇಲ್ಲ. ಕೊಟ್ಟ ಅಂಕಿಯನ್ನು ಹಾಗೇ ತೆಗೆದುಕೊಳ್ಳುತ್ತದೆ. ಎಲ್ಲ ಅಳತೆಗಳೂ ಒಂದಕ್ಕೊಂದು ಹೊಂದಿರಬೇಕು, ಅದು ಬಳಸುವವರ ಜವಾಬ್ದಾರಿ. ಕ್ಯಾಡ್‌ನಿಂದ ಬ್ರಾಕೆಟ್ ಬರುವುದು ಮಿಲಿಮೀಟರ್‌ನಲ್ಲಿ. ಬಲ ನ್ಯೂಟನ್‌ನಲ್ಲಿ. ಹಾಗಾದರೆ ಸ್ಟ್ರೆಸ್ ಮೆಗಾಪ್ಯಾಸ್ಕಲ್‌ನಲ್ಲಿ, ಉಕ್ಕಿನ ಯಂಗ್ಸ್ ಮಾಡ್ಯುಲಸ್ 2,10,000. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ. ಆದರೆ ಈ ಪದ್ಧತಿಗೆ ಹೊಂದುವ ದ್ರವ್ಯರಾಶಿ ಕೆ.ಜಿ. ಅಲ್ಲ, ಟನ್. ಉಕ್ಕಿನ ಸಾಂದ್ರತೆಯನ್ನು 7.85 × 10⁻⁹ ಟನ್ ಪ್ರತಿ ಘನ ಮಿ.ಮೀ. ಅಂತ ಕೊಡಬೇಕು. ಪುಸ್ತಕಗಳಲ್ಲಿ, ಇಂಟರ್‌ನೆಟ್‌ನಲ್ಲಿ ಎಲ್ಲಿ ನೋಡಿದರೂ ಕಾಣುವುದು 7850. ಏಜೆಂಟ್ ಅದನ್ನೇ ಬರೆದರೆ ಆಶ್ಚರ್ಯ ಇಲ್ಲ.

ಆಗ ಏನಾಗುತ್ತದೆ? ಬರೀ ಬಲ ಹಾಕಿ ಸ್ಟ್ಯಾಟಿಕ್ ಅನಾಲಿಸಿಸ್ ಮಾಡಿದರೆ ಏನೂ ಆಗುವುದಿಲ್ಲ. ಅಲ್ಲಿ ಸಾಂದ್ರತೆಗೆ ಕೆಲಸವೇ ಇಲ್ಲ. ಉತ್ತರ ಸರಿ ಬರುತ್ತದೆ, ಎಲ್ಲರಿಗೂ ಆ ಫೈಲ್ ಮೇಲೆ ನಂಬಿಕೆ ಹುಟ್ಟುತ್ತದೆ. ಮುಂದೊಂದು ದಿನ ಅದೇ ಫೈಲ್ ಇಟ್ಟುಕೊಂಡು ನ್ಯಾಚುರಲ್ ಫ್ರೀಕ್ವೆನ್ಸಿ (ತಟ್ಟಿದರೆ ಎಷ್ಟು ವೇಗದಲ್ಲಿ ಕಂಪಿಸುತ್ತದೆ ಅನ್ನುವುದು) ಕೇಳುತ್ತೀರಿ. ಸಾಂದ್ರತೆ 10¹² ಪಟ್ಟು ಜಾಸ್ತಿ ಆಗಿದೆ. ಫ್ರೀಕ್ವೆನ್ಸಿ ಅದರ ವರ್ಗಮೂಲದಷ್ಟು ಇಳಿಯುತ್ತದೆ, ಅಂದರೆ 10 ಲಕ್ಷ ಪಟ್ಟು. 200 ಹರ್ಟ್ಸ್ ಬರಬೇಕಾದಲ್ಲಿ 0.0002 ಹರ್ಟ್ಸ್. ಅಷ್ಟಾದರೂ ಸಾಲ್ವರ್ ಕೊನೆಯಲ್ಲಿ ‘ಜಾಬ್ ಫಿನಿಶ್ಡ್’ ಅಂತಲೇ ಬರೆಯುತ್ತದೆ. ನಿಮ್ಮ ಸೀನಿಯರ್ ಆ ಅಂಕಿ ನೋಡಿದ ತಕ್ಷಣ ‘ಇದೇನಪ್ಪಾ ಇದು’ ಅಂತ ಹುಬ್ಬೇರಿಸುತ್ತಾರೆ. ಏಜೆಂಟ್‌ಗೆ ಆ ‘ಜಾಬ್ ಫಿನಿಶ್ಡ್’ ಸಾಕಾಗಿಬಿಡಬಹುದು.

ಹಾಗಾಗಿ ನೀವು ಬರೆಯಬೇಕಾದದ್ದು ಆ ಹುಬ್ಬೇರಿಸುವಿಕೆಯನ್ನು. ಎಲ್ಲಿ ಬರೆಯಬೇಕು ಅನ್ನುವುದೂ ಮುಖ್ಯ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದ ಈ ಎಂಸಿಪಿಯಲ್ಲಿ ಪ್ರತಿ ಟೂಲ್‌ಗೂ (ಏಜೆಂಟ್ ಕರೆದು ಬಳಸುವ ಒಂದೊಂದು ಕೆಲಸಕ್ಕೂ) ಒಂದು ಹೆಸರು, ಒಂದು ವಿವರಣೆ, ಏನೇನು ಇನ್‌ಪುಟ್ ಅನ್ನುವ ಸ್ಕೀಮಾ ಇರುತ್ತದೆ. ಏಜೆಂಟ್ ಟೂಲ್ ಆರಿಸುವಾಗ ನೋಡುವುದು ಇದನ್ನೇ. ಪಿಡಿಎಫ್‌ನ ನಡುವೆ ಎಲ್ಲೋ ಇರುವ ಸಾಲು ಆ ಹೊತ್ತಿಗೆ ಅದರ ಕಣ್ಣೆದುರು ಇರುವುದಿಲ್ಲ. ಯೂನಿಟ್ಟನ್ನು ಇನ್‌ಪುಟ್‌ನ ಹೆಸರಿನಲ್ಲೇ ಸೇರಿಸಿ. ಬರೀ ‘ಡೆನ್ಸಿಟಿ’ ಬೇಡ, ‘ಡೆನ್ಸಿಟಿ, ಟನ್ ಪ್ರತಿ ಘನ ಮಿ.ಮೀ.’ ಅಂತಲೇ ಇರಲಿ. ಸ್ಕೀಮಾದಲ್ಲಿ ಕನಿಷ್ಠ, ಗರಿಷ್ಠ ಮಿತಿ ಹಾಕಲು ಬರುತ್ತದೆ, ಹಾಕಿ. 7850 ಬಂದರೆ ಸಾಲ್ವರ್ ತನಕ ಹೋಗಲೇಬಾರದು. ಬಾಗಿಲಲ್ಲೇ ತಡೆದು ಹೀಗೆ ಹೇಳಬೇಕು: ‘ಸಾಂದ್ರತೆ 7850 ಅಂತ ಬಂದಿದೆ. ಇಲ್ಲಿ ಟನ್ ಪ್ರತಿ ಘನ ಮಿ.ಮೀ. ಬೇಕು. ನಿಮ್ಮ ಅಂಕಿ ಕೆ.ಜಿ. ಪ್ರತಿ ಘನ ಮೀಟರ್ ಆಗಿದ್ದರೆ 10¹²ರಿಂದ ಭಾಗಿಸಿ ಕೊಡಿ.’ ‘ಇನ್‌ವ್ಯಾಲಿಡ್ ಇನ್‌ಪುಟ್’ ಅಂತ ಒಂದೇ ಮಾತು ಹೇಳಿ ಕೈತೊಳೆದುಕೊಂಡರೆ ಏಜೆಂಟ್ ಊಹೆ ಮಾಡಲು ಶುರು ಮಾಡುತ್ತದೆ. ಗುರುತ್ವ ಹಾಕುವ ಕಡೆಯೂ ಇದೇ ಎಚ್ಚರ ಬೇಕು. ನಿಮ್ಮ ಪದ್ಧತಿಯಲ್ಲಿ ಅದು 9.81 ಅಲ್ಲ, 9810.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಟ್ರಾನ್ಸ್‌ಪೋರ್ಟೇಶನ್ ಎಂ.ಟೆಕ್. ವಿದ್ಯಾರ್ಥಿ. ಬೆಂಗಳೂರಿನ ಒಂದು ಜಂಕ್ಷನ್ ಅನ್ನು ಸುಮೋ ಅನ್ನುವ ಟ್ರಾಫಿಕ್ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ ಮಾಡಿ ಏಜೆಂಟ್‌ಗೆ ಕೊಟ್ಟೆ. ಸಿಗ್ನಲ್ ಟೈಮಿಂಗ್ ಬದಲಿಸಿ ‘ಸರಾಸರಿ ಪ್ರಯಾಣದ ಸಮಯ ಕಡಿಮೆಯಾಯಿತು’ ಅಂತ ಅದು ವರದಿ ಕೊಟ್ಟಿದೆ. ನಮ್ಮ ಗೈಡ್ ನಂಬುತ್ತಿಲ್ಲ. ಟೂಲ್‌ನ ವಿವರಣೆ ಸರಿಯಿಲ್ಲ ಅನ್ನುತ್ತಾರೆ. ಏನು ಬರೆಯಬೇಕಿತ್ತು?
— ಕೆ., ಸುರತ್ಕಲ್

ಉತ್ತರ: ನಿಮ್ಮ ಗೈಡ್ ಕೇಳಬೇಕಾದ್ದನ್ನೇ ಕೇಳಿದ್ದಾರೆ. ಸುಮೋ ಒಳ್ಳೆಯ ಸಾಫ್ಟ್‌ವೇರ್. ಜರ್ಮನಿಯ ಏರೋಸ್ಪೇಸ್ ಸೆಂಟರ್ ಡಿಎಲ್‌ಆರ್‌ನವರು 2001ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದಾರೆ. ಒಂದೊಂದು ಗಾಡಿಯನ್ನೂ ಬೇರೆಬೇರೆಯಾಗಿ ಓಡಿಸುತ್ತದೆ. ಆದರೆ ಅದರೊಳಗೆ ಸುಮ್ನೆ ನಡೆದುಹೋಗುವ ಕೆಲವು ಸಂಗತಿಗಳಿವೆ. ಬಲ್ಲವರು ಮೊದಲು ನೋಡುವುದೇ ಅವನ್ನು.

ಮೊದಲನೆಯದು ಟೆಲಿಪೋರ್ಟ್. ಒಂದು ಗಾಡಿ ಮುಂದೆ ಹೋಗಲಾಗದೆ ತುಂಬಾ ಹೊತ್ತು ನಿಂತರೆ ಸುಮೋ ಅದನ್ನು ರಸ್ತೆಯಿಂದ ಎತ್ತಿ, ಅದೇ ದಾರಿಯಲ್ಲಿ ಮುಂದೆ ಜಾಗ ಇರುವ ಕಡೆ ಇಡುತ್ತದೆ. ನೀವು ಏನೂ ಬದಲಿಸದಿದ್ದರೆ ಆ ಮಿತಿ 300 ಸೆಕೆಂಡು. ಇಡೀ ಸಿಮ್ಯುಲೇಶನ್ ಒಂದು ಕಡೆ ಸಿಕ್ಕಿಹಾಕಿಕೊಂಡು ನಿಲ್ಲಬಾರದು ಅಂತ ಮಾಡಿರುವ ವ್ಯವಸ್ಥೆ ಅದು, ಸರಿಯಾದದ್ದೇ. ಆದರೆ ಜಂಕ್ಷನ್ ಪೂರ್ತಿ ಜಾಮ್ ಆಗಿ, ಗಾಡಿಗಳು ಹೀಗೆ ಹಾರಿ ಹಾರಿ ಹೋದರೂ ರನ್ ಚೆನ್ನಾಗಿ ಮುಗಿಯುತ್ತದೆ. ವಾರ್ನಿಂಗ್ ಸಾಲುಗಳು ಬರುತ್ತವೆ, ನಿಜ. ನಿಮ್ಮ ಟೂಲ್ ಆ ವಾರ್ನಿಂಗ್‌ಗಳನ್ನು ಏಜೆಂಟ್‌ಗೆ ತಲುಪಿಸುತ್ತಿದೆಯಾ? ನೀವು ಕಳಿಸಿದ ಕೋಡ್ ನೋಡಿದೆ. ಇಲ್ಲ. ಸರಾಸರಿ ಒಂದನ್ನೇ ತಲುಪಿಸುತ್ತಿದೆ.

ಎರಡನೆಯದು ಇನ್ನೂ ಸೂಕ್ಷ್ಮ. ಸುಮೋ ಬರೆಯುವ ಟ್ರಿಪ್‌ಇನ್ಫೋ ಅನ್ನುವ ರಿಸಲ್ಟ್ ಫೈಲ್‌ನಲ್ಲಿ ಬರುವುದು ಊರು ಮುಟ್ಟಿದ ಗಾಡಿಗಳ ಲೆಕ್ಕ. ಸಿಮ್ಯುಲೇಶನ್ ಮುಗಿಯುವ ಹೊತ್ತಿಗೆ ಇನ್ನೂ ರಸ್ತೆಯಲ್ಲೇ ಇದ್ದವು, ನೀವಾಗಿ ಕೇಳದ ಹೊರತು, ಅದರಲ್ಲಿ ಇರುವುದಿಲ್ಲ. ರಸ್ತೆ ತುಂಬಿಹೋಗಿ ಒಳಗೆ ಬರಲಿಕ್ಕೇ ಜಾಗ ಸಿಗದೆ ಹೊರಗೆ ಕಾಯುತ್ತಿದ್ದ ಗಾಡಿಗಳೂ ಇರುತ್ತವೆ. ಅವು ಒಳಗೆ ಬಂದ ಮೇಲೂ, ಹೊರಗೆ ಕಾದ ಸಮಯ ‘ಡಿಪಾರ್ಟ್ ಡಿಲೇ’ ಅಂತ ಬೇರೆ ಕಡೆ ಇರುತ್ತದೆ, ಪ್ರಯಾಣದ ಸಮಯಕ್ಕೆ ಸೇರುವುದಿಲ್ಲ. ಈಗ ಯೋಚನೆ ಮಾಡಿ. ಸಿಗ್ನಲ್ ಟೈಮಿಂಗ್ ಕೆಟ್ಟದಾಗಿ, ಅರ್ಧ ಗಾಡಿಗಳು ಒಳಗೇ ಬರಲಿಲ್ಲ ಅಂತಿಟ್ಟುಕೊಳ್ಳಿ. ಒಳಗಿದ್ದವಕ್ಕೆ ರಸ್ತೆ ಖಾಲಿ. ಅವು ಬೇಗ ಹೋಗುತ್ತವೆ. ಸರಾಸರಿ ಇಳಿಯುತ್ತದೆ! ಏಜೆಂಟ್‌ಗೆ ‘ಸರಾಸರಿ ಕಡಿಮೆ ಮಾಡು’ ಅಂತ ಗುರಿ ಕೊಟ್ಟಿದ್ದರೆ ಅದು ಇಂಥ ಟೈಮಿಂಗನ್ನೇ ಹುಡುಕಿಕೊಂಡು ಹೋಗುವ ಅಪಾಯ ಇದೆ. ಅದರ ಉದ್ದೇಶದಲ್ಲಿ ತಪ್ಪಿಲ್ಲ. ನೀವು ತೋರಿಸಿದ ಒಂದೇ ಅಂಕಿಯಲ್ಲಿ ತಪ್ಪಿದೆ.

ಆದ್ದರಿಂದ ಟೂಲ್ ಹಿಂದಿರುಗಿಸುವ ಉತ್ತರದಲ್ಲಿ ಸರಾಸರಿಯ ಪಕ್ಕದಲ್ಲೇ ಈ ಅಂಕಿಗಳು ಯಾವಾಗಲೂ ಇರಲಿ: ಟೆಲಿಪೋರ್ಟ್ ಆದ ಗಾಡಿ ಎಷ್ಟು, ಊರು ಮುಟ್ಟಿದ್ದು ಎಷ್ಟು, ಇನ್ನೂ ರಸ್ತೆಯಲ್ಲಿರುವುದು ಎಷ್ಟು, ಒಳಗೆ ಬರಲು ಕಾಯುತ್ತಿರುವುದು ಎಷ್ಟು. ವಿವರಣೆಯಲ್ಲಿ ನೇರವಾಗಿ ಬರೆಯಿರಿ: ‘ಟೆಲಿಪೋರ್ಟ್ ಸೊನ್ನೆ ಅಲ್ಲದಿದ್ದರೆ, ಅಥವಾ ಊರು ಮುಟ್ಟಿದ ಗಾಡಿಗಳ ಸಂಖ್ಯೆ ಎರಡು ರನ್‌ಗಳಲ್ಲಿ ಬೇರೆ ಬೇರೆ ಇದ್ದರೆ, ಆ ಎರಡು ಸರಾಸರಿಗಳನ್ನು ಹೋಲಿಸಬೇಡ.’ ಈ ಒಂದು ವಾಕ್ಯ ನಿಮ್ಮ ಥೀಸಿಸನ್ನು ಕಾಪಾಡುತ್ತದೆ.

ಇನ್ನು ನಮ್ಮೂರಿನ ಸಂಗತಿ. ಸುಮೋದ ಮಾಮೂಲಿ ಕಾರು 5 ಮೀಟರ್ ಉದ್ದ, ನಿಂತಾಗ ಮುಂದಿನ ಗಾಡಿಗೆ 2.5 ಮೀಟರ್ ಅಂತರ ಬಿಡುತ್ತದೆ. ಒಂದು ಲೇನ್‌ನಲ್ಲಿ ಒಂದರ ಹಿಂದೆ ಒಂದು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತವರಿಗೆ ಇದು ಯಾವ ಊರಿನ ಟ್ರಾಫಿಕ್ ಅನ್ನಿಸುತ್ತದೆ ಅಲ್ವಾ? ಕಾರುಗಳ ನಡುವೆ ಬೈಕ್ ನುಸುಳಬೇಕಾದರೆ ಲ್ಯಾಟರಲ್ ರೆಸಲ್ಯೂಶನ್ ಕೊಟ್ಟು ಸಬ್‌ಲೇನ್ ಮಾಡೆಲ್ (ಒಂದು ಲೇನನ್ನು ಪಕ್ಕಪಕ್ಕದ ಸಣ್ಣ ಪಟ್ಟೆಗಳಾಗಿ ನೋಡುವ ಆಯ್ಕೆ) ಆನ್ ಮಾಡಬೇಕು. ರಸ್ತೆಜಾಲ ತಯಾರಿಸುವಾಗ ನೆಟ್‌ಕನ್ವರ್ಟ್‌ಗೆ ಲೆಫ್ಟ್‌ಹ್ಯಾಂಡ್ ಅನ್ನುವ ಆಯ್ಕೆ ಕೊಡಬೇಕು, ಇಲ್ಲದಿದ್ದರೆ ಗಾಡಿಗಳು ಬಲಗಡೆ ಓಡುತ್ತವೆ. ಇವೆಲ್ಲ ಸುಮೋದ ಡಾಕ್ಯುಮೆಂಟ್‌ನಲ್ಲಿ ಇವೆ, ಬೇರೆ ಬೇರೆ ಪುಟಗಳಲ್ಲಿ. ‘ಭಾರತದ ರಸ್ತೆಗೆ ಇವು ಕಡ್ಡಾಯ’ ಅಂತ ಒಂದೇ ಕಡೆ ಸೇರಿಸಿ ಬರೆಯುವ ಕೆಲಸ ನಿಮ್ಮದು. ದಯವಿಟ್ಟು ಬರೆಯಿರಿ. ಬರೆದು ನಿಮ್ಮ ಜೂನಿಯರ್‌ಗಳಿಗೂ ಕೊಡಿ.

ಪ್ರಶ್ನೆ: ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಮಕ್ಕಳು ಎಐಗೆ ಹೇಳಿ ಎನ್‌ಜಿಸ್ಪೈಸ್ (ಸರ್ಕ್ಯೂಟ್ ಸಿಮ್ಯುಲೇಶನ್ ಸಾಫ್ಟ್‌ವೇರ್) ನೆಟ್‌ಲಿಸ್ಟ್, ಅಂದರೆ ಸರ್ಕ್ಯೂಟ್‌ನ ಭಾಗಗಳು ಹೇಗೆ ಜೋಡಿಸಿವೆ ಅನ್ನುವ ಪಟ್ಟಿ, ಬರೆಸುತ್ತಿದ್ದಾರೆ. ಸರ್ಕ್ಯೂಟ್ ಓಡುತ್ತದೆ, ಉತ್ತರ ವಿಚಿತ್ರ. ಲ್ಯಾಬ್‌ಗೆ ಒಂದು ಪುಟದ ಸೂಚನೆ ಬರೆಯಬೇಕೆಂದಿದ್ದೇನೆ.
— ಜಿ.ಎಸ್., ಹಾಸನ

ಉತ್ತರ: ಸರ್, ನೀವು ಲ್ಯಾಬ್‌ನಲ್ಲಿ ಮಕ್ಕಳಿಗೆ ಬಾಯಲ್ಲಿ ಹೇಳುವುದನ್ನೇ ಬರೆದರೆ ಸಾಕು. ಎನ್‌ಜಿಸ್ಪೈಸ್‌ನ ಮೂಲವಾದ ಸ್ಪೈಸ್ ಹುಟ್ಟಿದ್ದು 1970ರ ದಶಕದ ಮೊದಲಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಆ ಕಾಲದ ಅಭ್ಯಾಸಗಳು ಇನ್ನೂ ಹಾಗೇ ಇವೆ. ಅಂಕಿಯ ನಂತರ ‘ಎಂ’ ಹಾಕಿದರೆ ಅದು ಮಿಲಿ, ದೊಡ್ಡಕ್ಷರ ಇರಲಿ ಚಿಕ್ಕಕ್ಷರ ಇರಲಿ. ಮೆಗಾ ಬೇಕಾದರೆ ‘ಮೆಗ್’ ಅಂತ ಪೂರ್ತಿ ಬರೆಯಬೇಕು. 1 ಮೆಗಾ ಓಮ್ ಅಂತ ಎಣಿಸಿ ‘1 ಎಂ’ ಬರೆದರೆ 1 ಮಿಲಿ ಓಮ್ ಆಗುತ್ತದೆ, 100 ಕೋಟಿ ಪಟ್ಟು ಕಡಿಮೆ. ಕೆಪ್ಯಾಸಿಟರ್‌ಗೆ ‘1 ಎಫ್’ ಅಂತ ಬರೆದರೆ 1 ಫ್ಯಾರಡ್ ಅಲ್ಲ, 1 ಫೆಮ್ಟೊ ಫ್ಯಾರಡ್. ಮೂರನೆಯದು, ನೆಟ್‌ಲಿಸ್ಟ್‌ನ ಮೊದಲ ಸಾಲು ಯಾವಾಗಲೂ ಶೀರ್ಷಿಕೆ. ಏಜೆಂಟ್ ನೇರವಾಗಿ ವೋಲ್ಟೇಜ್ ಸೋರ್ಸ್‌ನಿಂದ ಶುರು ಮಾಡಿದರೆ ಆ ಸೋರ್ಸೇ ಸರ್ಕ್ಯೂಟ್‌ನಲ್ಲಿ ಇರುವುದಿಲ್ಲ. ‘ಮೊದಲ ಸಾಲು ಶೀರ್ಷಿಕೆ’ ಅಂತ ನಿಯಮ ಬರೆಯುವುದರ ಜೊತೆಗೆ ಒಂದು ಸರಿಯಾದ ಪೂರ್ತಿ ನೆಟ್‌ಲಿಸ್ಟ್ ಕೊಡಿ, ಅದರ ಸರಿಯಾದ ಉತ್ತರವನ್ನೂ ಕೊಡಿ. ನಿಯಮಕ್ಕಿಂತ ಉದಾಹರಣೆಯನ್ನು ಏಜೆಂಟ್‌ಗಳು ಚೆನ್ನಾಗಿ ಅನುಸರಿಸುತ್ತವೆ. ಮಕ್ಕಳೂ ಅಷ್ಟೆ.

ನಿಮ್ಮ ಕಾಲೇಜಿನಲ್ಲಿ ಐಐಟಿ ಬಾಂಬೆಯ ಫಾಸೀ ಯೋಜನೆಯ ಇಸಿಮ್ ಬಳಸುತ್ತಿದ್ದರೆ ಅದರ ಒಳಗೂ ಇದೇ ಎನ್‌ಜಿಸ್ಪೈಸ್ ಇರುವುದು. ಇದೇ ಪುಟ ಅಲ್ಲಿಗೂ ಆಗುತ್ತದೆ.

ಪ್ರಶ್ನೆ: ನೀರು, ಗಾಳಿಯ ಹರಿವು ಲೆಕ್ಕ ಹಾಕುವ ಓಪನ್‌ಫೋಮ್‌ಗೆ ಏಜೆಂಟ್ ಬರೆಯುವ ಕೇಸ್ ಫೈಲ್‌ಗಳು ಒಮ್ಮೆ ಓಡುತ್ತವೆ, ಒಮ್ಮೆ ಇಲ್ಲ. ಎಲ್ಲ ಟ್ಯುಟೋರಿಯಲ್‌ಗಳನ್ನೂ ಕೊಟ್ಟಿದ್ದೇನೆ. ಇನ್ನೇನು ಕೊಡಲಿ?
— ವಿ.ಬಿ., ಹುಬ್ಬಳ್ಳಿ

ಉತ್ತರ: ಇನ್ನೂ ಕೊಡಬೇಡಿ, ಕಡಿಮೆ ಮಾಡಿ. ಓಪನ್‌ಫೋಮ್ ಅನ್ನುವ ಹೆಸರಿನಲ್ಲಿ ಎರಡು ಕವಲುಗಳಿವೆ. ಓಪನ್‌ಫೋಮ್ ಫೌಂಡೇಶನ್‌ನವರದ್ದು 10, 11, 12 ಅಂತ ಎಣಿಕೆ. ಓಪನ್‌ಸಿಎಫ್‌ಡಿ (ಇಎಸ್‌ಐ) ಕಂಪನಿಯವರದ್ದು 2312, 2406 ಅಂತ ವರ್ಷ–ತಿಂಗಳ ಎಣಿಕೆ. ಹೊರಗಿನಿಂದ ಎರಡೂ ಒಂದೇ ಥರ. ಸೊನ್ನೆ, ಕಾನ್‌ಸ್ಟಂಟ್, ಸಿಸ್ಟಂ ಅಂತ ಅವೇ ಮೂರು ಫೋಲ್ಡರ್. ಒಳಗೆ ಹೋದರೆ ಫೈಲ್‌ಗಳ ಹೆಸರೇ ಬೇರೆ. ಫೌಂಡೇಶನ್‌ನ 11ನೇ ಆವೃತ್ತಿಯಿಂದ ‘ಸಿಂಪಲ್‌ಫೋಮ್’ ಥರದ ಬೇರೆ ಬೇರೆ ಸಾಲ್ವರ್‌ಗಳ ಜಾಗಕ್ಕೆ ‘ಫೋಮ್‌ರನ್’ ಬಂದು, ಅದಕ್ಕೆ ಮಾಡ್ಯೂಲ್ ಹೆಸರು ಕೊಡುವ ಕ್ರಮ ಬಂತು. ಏಜೆಂಟ್ ತರಬೇತಿಯಲ್ಲಿ ಎರಡೂ ಕವಲುಗಳ ಎಲ್ಲ ಕಾಲದ ಫೈಲ್‌ಗಳನ್ನೂ ನೋಡಿರುತ್ತದೆ. ಬರೆಯುವಾಗ ಕಲಸುತ್ತದೆ. ನಿಮ್ಮ ಡಾಕ್ಯುಮೆಂಟ್‌ನ ಮೊದಲ ಸಾಲು ಹೀಗಿರಲಿ: ‘ಇಲ್ಲಿ ಇರುವುದು ಇಂಥ ಕವಲಿನ ಇಂಥ ಆವೃತ್ತಿ, ಬೇರೆ ಯಾವುದರ ಉದಾಹರಣೆಯನ್ನೂ ಬಳಸಬೇಡ.’ ಆಮೇಲೆ ಆ ಆವೃತ್ತಿಯ, ನಿಮ್ಮ ಕೆಲಸಕ್ಕೆ ಹತ್ತಿರದ ಕೆಲವೇ ಟ್ಯುಟೋರಿಯಲ್ ಇಟ್ಟು ಉಳಿದದ್ದನ್ನು ತೆಗೆಯಿರಿ.

ಓಪನ್‌ಫೋಮ್‌ನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಗುಣ ಇದೆ. ಯಾವ ಸ್ಕೀಮ್ (ಲೆಕ್ಕ ಹಾಕುವ ವಿಧಾನ) ಹಾಕಬೇಕು ಅಂತ ನೆನಪಾಗದಿದ್ದರೆ ಬಳಸುವವರು ಬೇಕೆಂದೇ ಅಲ್ಲಿ ‘ಬನಾನಾ’ ಅಂತ ಬರೆದು ಓಡಿಸುತ್ತಾರೆ. ಅದು ‘ಫೋಮ್ ಫೇಟಲ್’ ಅಂತ ಎರರ್ ಕೊಟ್ಟು, ಕೆಳಗೆ ‘ಇಲ್ಲಿ ನಡೆಯುವ ಹೆಸರುಗಳು ಇವು’ ಅಂತ ಪೂರ್ತಿ ಪಟ್ಟಿ ಕೊಡುತ್ತದೆ. ಮನುಷ್ಯರಿಗೆ ಇದು ಕಿರುದಾರಿ. ಏಜೆಂಟ್‌ಗೆ ಇದಕ್ಕಿಂತ ಒಳ್ಳೆಯ ಡಾಕ್ಯುಮೆಂಟ್ ಇಲ್ಲ, ಯಾಕಂದರೆ ಆ ಪಟ್ಟಿ ಬರುವುದು ನಿಮ್ಮ ಕಂಪ್ಯೂಟರ್‌ನಲ್ಲಿ ಇರುವ ಆವೃತ್ತಿಯಿಂದಲೇ. ಹಳೆಯದಾಗುವ ಮಾತೇ ಇಲ್ಲ. ‘ಹೆಸರು ಖಚಿತ ಇಲ್ಲದಿದ್ದರೆ ಊಹಿಸಬೇಡ, ಹೀಗೆ ಮಾಡಿ ಪಟ್ಟಿ ತರಿಸಿಕೋ’ ಅಂತ ಬರೆದಿಡಿ. ಅದಕ್ಕೆ ಒಂದು ಷರತ್ತು: ನಿಮ್ಮ ಟೂಲ್ ಆ ಎರರ್‌ನ ಪೂರ್ತಿ ಪಠ್ಯವನ್ನು ಏಜೆಂಟ್‌ಗೆ ಕೊಡಬೇಕು. ಎಷ್ಟೋ ಕಡೆ ‘ರನ್ ಫೇಲ್ಡ್’ ಅಂತ ಮಾತ್ರ ಕೊಟ್ಟು ಉಳಿದದ್ದನ್ನು ನುಂಗಿಬಿಟ್ಟಿರುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಓಡಿದ ರನ್‌ನ ಲಾಗ್ ವಿಷಯದಲ್ಲಿ ಮಾತ್ರ ಉಲ್ಟಾ. ಪ್ರತಿ ಹೆಜ್ಜೆಗೂ ರೆಸಿಡ್ಯುಯಲ್ (ಲೆಕ್ಕದಲ್ಲಿ ಇನ್ನೂ ಉಳಿದ ತಪ್ಪಿನ ಅಳತೆ) ಸಾಲುಗಳು ಬರುವ ಲಾಗನ್ನು ಪೂರ್ತಿ ಏಜೆಂಟ್ ಮುಂದೆ ಸುರಿದರೆ ಅದರ ನೆನಪಿನ ಜಾಗವೆಲ್ಲ ಅದರಲ್ಲೇ ತುಂಬಿಹೋಗುತ್ತದೆ. ಲಾಗನ್ನು ಫೈಲ್‌ನಲ್ಲಿ ಇಟ್ಟು, ಕೊನೆಯ ರೆಸಿಡ್ಯುಯಲ್‌ಗಳು, ಗರಿಷ್ಠ ಕೋರಾಂಟ್ ಸಂಖ್ಯೆ (ಒಂದು ಸಮಯದ ಹೆಜ್ಜೆಯಲ್ಲಿ ಹರಿವು ಎಷ್ಟು ತುಂಡು ದಾಟುತ್ತದೆ ಅನ್ನುವುದು), ಮೆಶ್ (ಲೆಕ್ಕಕ್ಕಾಗಿ ಆಕಾರವನ್ನು ಸಣ್ಣ ತುಂಡುಗಳಾಗಿ ಒಡೆದ ಜಾಲ) ಸರಿ ಇದೆಯಾ ಅಂತ ನೋಡುವ ಚೆಕ್‌ಮೆಶ್ ಹೇಳಿದ್ದು, ಫೈಲ್ ಎಲ್ಲಿದೆ ಅನ್ನುವುದು, ಇಷ್ಟು ಕೊಡಿ. ಇನ್ನೊಂದು ಮಾತು ಬರೆಯಲು ಮರೆಯಬೇಡಿ. ಇನ್‌ಕಂಪ್ರೆಸಿಬಲ್ ಸಾಲ್ವರ್‌ಗಳಲ್ಲಿ ‘ಪಿ’ ಅಂದರೆ ಸಾಂದ್ರತೆಯಿಂದ ಭಾಗಿಸಿದ ಒತ್ತಡ. ನೀರಿನ ಕೇಸಾದರೆ ಸುಮಾರು 1000ದಿಂದ ಗುಣಿಸಿದ ಮೇಲೆಯೇ ಪ್ಯಾಸ್ಕಲ್. ಈ ಸಾಲು ಇಲ್ಲದೆ ಏಜೆಂಟ್ ಬರೆದ ಪಂಪ್ ವರದಿಯನ್ನು ನಾನಂತೂ ಓದಿ ಸಹಿ ಮಾಡುವುದಿಲ್ಲ.

ಪ್ರಶ್ನೆ: ನಮ್ಮ ಸರ್ವರ್‌ನಲ್ಲಿ ಮೆಶ್ ಮಾಡಲು ಎರಡು ಟೂಲ್, ರನ್ ಮಾಡಲು ಎರಡು ಟೂಲ್ ಇವೆ. ಏಜೆಂಟ್ ಯಾವಾಗಲೂ ತಪ್ಪಾದದ್ದನ್ನೇ ಆರಿಸುತ್ತದೆ. ಒಮ್ಮೆ ಹಳೆಯ ರಿಸಲ್ಟ್‌ಗಳನ್ನೂ ಅಳಿಸಿಬಿಟ್ಟಿತು.
— ಎನ್., ಮೈಸೂರು

ಉತ್ತರ: ನಿಮ್ಮ ನಾಲ್ಕೂ ಟೂಲ್‌ಗಳ ವಿವರಣೆ ಒಂದೊಂದೇ ಸಾಲು ಇದೆ, ಅದೂ ಹೆಚ್ಚುಕಡಿಮೆ ಅದೇ ಮಾತು. ಒಂದೇ ಊರಿಗೆ ಹೋಗುವ ಎರಡು ಬಸ್ಸಿನ ಬೋರ್ಡ್‌ನಲ್ಲಿ ‘ವಯಾ’ ಬರೆಯದಿದ್ದರೆ ಯಾವುದಕ್ಕೆ ಹತ್ತಬೇಕು ಅಂತ ಹೇಗೆ ತಿಳಿಯಬೇಕು? ಟೂಲ್ ಏನು ಮಾಡುತ್ತದೆ ಅನ್ನುವುದಕ್ಕಿಂತ ಯಾವಾಗ ಇದನ್ನು ಬಳಸಬಾರದು, ಆಗ ಬೇರೆ ಯಾವುದನ್ನು ಬಳಸಬೇಕು ಅನ್ನುವುದನ್ನು ಬರೆಯಿರಿ. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಂದಾಜು ಕೊಡಿ. ಲೈಸೆನ್ಸ್ ಖರ್ಚಾಗುತ್ತದಾ, ಹೇಳಿ. ನಿಮ್ಮ ಕೆಲಸಕ್ಕೆ ಎರಡರಲ್ಲಿ ಒಂದು ಬೇಕೇ ಇಲ್ಲ ಅನ್ನಿಸಿದರೆ ತೆಗೆದೇಬಿಡಿ.

ಅಳಿಸಿದ ವಿಷಯಕ್ಕೆ ಬರೀ ಬರವಣಿಗೆ ಸಾಲದು. ಎಂಸಿಪಿಯಲ್ಲಿ ‘ಇದು ಓದುವುದಷ್ಟೇ’, ‘ಇದು ಇರುವುದನ್ನು ಹಾಳುಮಾಡಬಹುದು’ ಅಂತ ಟೂಲ್ ಮೇಲೆ ಗುರುತು ಹಾಕಲು ಬರುತ್ತದೆ, ಹಾಕಿ. ಆದರೆ ಅದು ಸೂಚನೆ ಮಾತ್ರ, ಬೀಗ ಅಲ್ಲ. ರಿಸಲ್ಟ್ ಫೋಲ್ಡರ್‌ಗೆ ಅಳಿಸುವ ಅನುಮತಿಯನ್ನೇ ಏಜೆಂಟ್‌ಗೆ ಕೊಡಬೇಡಿ. ಪ್ರತಿ ರನ್ ಹೊಸ ಫೋಲ್ಡರ್‌ನಲ್ಲಿ ಆಗಲಿ.

ಪ್ರಶ್ನೆ: ನಮ್ಮ ಫೌಂಡ್ರಿಯಲ್ಲಿ ಕಾಸ್ಟಿಂಗ್ ಸಿಮ್ಯುಲೇಶನ್ ನೋಡಿಕೊಳ್ಳುವವರು ಸದ್ಯದಲ್ಲೇ ರಿಟೈರ್ ಆಗುತ್ತಾರೆ. ಅವರಿಗೆ ಇಂಗ್ಲಿಷ್‌ನಲ್ಲಿ ಬರೆಯುವ ಅಭ್ಯಾಸ ಇಲ್ಲ. ಕನ್ನಡದಲ್ಲಿ ಬರೆದರೆ ಏಜೆಂಟ್‌ಗೆ ಆಗುತ್ತದಾ?
— ಎ.ಪಿ., ಬೆಳಗಾವಿ

ಉತ್ತರ: ಆಗುತ್ತದೆ. ನಾಳೆಯೇ ಶುರು ಮಾಡಿ. ಈಗಿನ ಒಳ್ಳೆಯ ಮಾದರಿಗಳು ಕನ್ನಡ ಓದುತ್ತವೆ. ಕೀವರ್ಡ್, ಆಪ್ಶನ್, ಫೈಲ್ ಹೆಸರು ಸಾಫ್ಟ್‌ವೇರ್ ಕೇಳುವ ಅಕ್ಷರದಲ್ಲೇ ಇರಬೇಕು, ಅದನ್ನು ಬದಲಿಸಬಾರದು. ಯಾಕೆ, ಯಾವಾಗ, ಏನನ್ನು ನೋಡಿ ಅನುಮಾನಪಡಬೇಕು ಅನ್ನುವುದೆಲ್ಲ ಕನ್ನಡದಲ್ಲಿ ಇರಲಿ. ಕನ್ನಡ ಪಠ್ಯ ಮಾದರಿಯ ಲೆಕ್ಕದಲ್ಲಿ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ತಿನ್ನುತ್ತದೆ, ಹಾಗಾಗಿ ಕೊನೆಗೆ ಬೇಕಾದರೆ ಚಿಕ್ಕದೊಂದು ಇಂಗ್ಲಿಷ್ ಸಾರ ಮಾಡಿಕೊಳ್ಳಬಹುದು. ಆದರೆ ಮೂಲ ಅವರ ಮಾತಿನಲ್ಲೇ ಇರಲಿ.

ಅವರಿಂದ ‘ಡಾಕ್ಯುಮೆಂಟ್ ಬರೆದುಕೊಡಿ’ ಅಂತ ಕೇಳಬೇಡಿ. ಹಾಗೆ ಕೇಳಿದರೆ ಮ್ಯಾನ್ಯುಯಲ್‌ನಲ್ಲಿ ಇರುವುದನ್ನೇ ಬರೆಯುತ್ತಾರೆ. ಪಕ್ಕದಲ್ಲಿ ಕೂತು, ಫೋನ್‌ನಲ್ಲಿ ರೆಕಾರ್ಡ್ ಹಾಕಿ, ಹಳೆಯ ಒಂದು ರನ್ ತೆರೆಯಿರಿ. ‘ಅಣ್ಣಾ, ಇದರಲ್ಲಿ ಮೊದಲು ಎಲ್ಲಿ ನೋಡ್ತೀರಿ? ಇದು ಸರಿ ಅಂತ ಹೇಗೆ ಗೊತ್ತಾಯ್ತು?’ ಅಂತ ಕೇಳಿ. ಪೌರಿಂಗ್ ಟೆಂಪರೇಚರ್‌ಗೆ ಸಾಫ್ಟ್‌ವೇರ್ ತಾನೇ ಹಾಕಿದ ಅಂಕಿಯನ್ನು ಅವರು ಯಾಕೆ ಬದಲಿಸುತ್ತಾರೆ, ಮೋಲ್ಡ್ ಮತ್ತು ಲೋಹದ ನಡುವಿನ ಶಾಖ ಸಾಗುವ ಅಂಕಿಯನ್ನು ಯಾವ ಕಾಸ್ಟಿಂಗ್‌ಗೆ ಎಷ್ಟು ಇಡುತ್ತಾರೆ, ಸಿಮ್ಯುಲೇಶನ್‌ನಲ್ಲಿ ಕಾಣುವ ಯಾವ ಶ್ರಿಂಕೇಜ್ (ಲೋಹ ತಣಿದು ಕುಗ್ಗಿ ಆಗುವ ಪೊಳ್ಳು) ನಿಜವಾಗಿ ಬರುತ್ತದೆ, ಯಾವುದು ಬರುವುದಿಲ್ಲ. ಇವು ಯಾವ ಕಂಪನಿಯ ಹೆಲ್ಪ್ ಫೈಲ್‌ನಲ್ಲೂ ಇಲ್ಲ. ಅವರು ಹೋದ ಮೇಲೆ ಏಜೆಂಟ್‌ಗೂ ಇಲ್ಲ, ನಿಮಗೂ ಇಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನವರು ಸಾಫ್ಟ್‌ವೇರ್ ಪಾಠಗಳನ್ನು ಕನ್ನಡದಲ್ಲೂ ಕೊಟ್ಟಿದ್ದಾರೆ. ಕೆಲಸದ ಮಾತನ್ನು ಸಹಜ ಕನ್ನಡದಲ್ಲಿ ಹೇಗೆ ಹೇಳಬಹುದು ಅಂತ ನೋಡಲು ಒಂದೆರಡು ಕೇಳಿ.

ಪ್ರಶ್ನೆ: ನಾನೂ ಟೆಕ್ನಿಕಲ್ ರೈಟರ್. ಕೋಡ್ ಕೊಟ್ಟರೆ ಎಐ ತಾನೇ ಡಾಕ್ಯುಮೆಂಟ್ ಬರೆಯುತ್ತದೆ ಅಂತ ಮ್ಯಾನೇಜರ್ ಹೇಳುತ್ತಾರೆ. ನಮ್ಮ ಕೆಲಸ ಇನ್ನು ಏನು?
— ಎಲ್.ಆರ್., ಬೆಂಗಳೂರು

ಉತ್ತರ: ಫಂಕ್ಷನ್ ಹೆಸರು, ಇನ್‌ಪುಟ್ ಪಟ್ಟಿ, ಅವುಗಳ ವಿಧ, ಇವನ್ನು ಎಐ ಕೋಡ್‌ನಿಂದ ತೆಗೆದು ಬರೆಯಲಿ ಬಿಡಿ. ಚೆನ್ನಾಗಿಯೇ ಬರೆಯುತ್ತದೆ. ಕೋಡ್‌ನಲ್ಲಿ ಇಲ್ಲದ್ದನ್ನು ಅದು ತೆಗೆಯಲಾರದು. ಮೇಲಿನ ಉತ್ತರಗಳಲ್ಲಿ ಹೇಳಿದ್ದೆಲ್ಲ ಆ ಥರದ್ದೇ.

ಇನ್ನೊಂದು ದೊಡ್ಡ ಕೆಲಸ ನಮ್ಮದು: ಪರೀಕ್ಷೆ. ಬರೆದ ಡಾಕ್ಯುಮೆಂಟ್ ಸರಿ ಇದೆಯಾ ಅಂತ ಇಷ್ಟು ದಿನ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಯಾರಾದರೂ ಫೋನ್ ಮಾಡಿ ಬೈದರೆ ಉಂಟು. ಈಗ ಗೊತ್ತುಮಾಡಿಕೊಳ್ಳಬಹುದು. ಹೊಸ ಏಜೆಂಟ್ ಒಂದನ್ನು ತೆರೆದು, ನಿಮ್ಮ ಡಾಕ್ಯುಮೆಂಟ್ ಮತ್ತು ಟೂಲ್ ಮಾತ್ರ ಕೊಡಿ. ಕೈಯಲ್ಲಿ ಲೆಕ್ಕ ಹಾಕಬಹುದಾದ ಪ್ರಶ್ನೆ ಕೇಳಿ. ನಾನು ಕೇಳುವುದು ಇದು: 200 ಮಿ.ಮೀ. ಉದ್ದ, 20 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ. ಒಂದು ತುದಿ ಬಿಗಿದಿದೆ, ಇನ್ನೊಂದು ತುದಿಗೆ ಪಟ್ಟಿ ದಪ್ಪದ ದಿಕ್ಕಿನಲ್ಲಿ ಬಾಗುವಂತೆ 100 ನ್ಯೂಟನ್ ಬಲ. ತುದಿ ಎಷ್ಟು ಬಾಗುತ್ತದೆ? ಪಠ್ಯಪುಸ್ತಕದ ಸೂತ್ರದಲ್ಲಿ 0.76 ಮಿ.ಮೀ. ಬರುತ್ತದೆ. ಏಜೆಂಟ್ ಅದಕ್ಕಿಂತ ತುಂಬಾ ಕಡಿಮೆ ತಂದರೆ ನಾಲ್ಕು ನೋಡ್‌ನ (ನಾಲ್ಕು ಬಿಂದುಗಳ) ಟೆಟ್ರಾ ಎಲಿಮೆಂಟ್, ಅಂದರೆ ನಾಲ್ಕು ಮುಖದ ಮೆಶ್ ತುಂಡು, ಹಾಕಿತಾ ಅಂತ ನೋಡಿ. ಅವು ಬಾಗುವ ಕೆಲಸಕ್ಕೆ ತೀರಾ ಬಿರುಸು. ‘ಹತ್ತು ನೋಡ್‌ನದ್ದನ್ನೇ ಹಾಕು’ ಅಂತ ಡಾಕ್ಯುಮೆಂಟ್‌ನಲ್ಲಿ ಬರೆದಿದೆಯಾ? ಇಲ್ಲದಿದ್ದರೆ ಸೇರಿಸಿ, ಮತ್ತೆ ಹೊಸ ಏಜೆಂಟ್‌ಗೆ ಅದೇ ಪ್ರಶ್ನೆ ಕೇಳಿ. ಪ್ರಶ್ನೆಯನ್ನು ತಿದ್ದಬೇಡಿ, ಡಾಕ್ಯುಮೆಂಟನ್ನು ತಿದ್ದಿ. ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಇದೇ ಪರೀಕ್ಷೆ ಇನ್ನೊಮ್ಮೆ. ನಿಮ್ಮ ಮ್ಯಾನೇಜರ್‌ಗೆ ಈ ಪರೀಕ್ಷೆಯ ಫಲಿತಾಂಶ ತೋರಿಸಿ. ಎಐ ತಾನೇ ಬರೆದ ಡಾಕ್ಯುಮೆಂಟ್‌ನಲ್ಲಿ ಎಷ್ಟು ಸರಿ ಬಂತು, ನೀವು ತಿದ್ದಿದ್ದರಲ್ಲಿ ಎಷ್ಟು ಸರಿ ಬಂತು, ಎರಡನ್ನೂ ಪಕ್ಕಪಕ್ಕ ಇಡಿ. ನಿಮ್ಮ ಕೆಲಸ ಏನು ಅಂತ ಅವರಿಗೆ ಕಾಣುತ್ತದೆ.

ಪ್ರಶ್ನೆ: ಸಪ್ಲೈಯರ್ ನಮಗೆ ಮಾಡೆಲನ್ನು ಎಫ್‌ಎಂಯು ಆಗಿ ಕಳಿಸುತ್ತಾರೆ. ಅದಕ್ಕೂ ಬೇರೆ ವಿವರಣೆ ಬರೆಯಬೇಕಾ?
— ಟಿ., ಹೊಸೂರು

ಉತ್ತರ: ಅರ್ಧ ಕೆಲಸ ಆಗಲೇ ಆಗಿರುತ್ತದೆ. ಎಫ್‌ಎಂಯು ಅಂದರೆ ಒಂದು ಜಿಪ್ ಫೈಲ್. ಬಿಚ್ಚಿದರೆ ಒಳಗೆ ಮಾಡೆಲ್ ಡಿಸ್ಕ್ರಿಪ್ಶನ್ ಅನ್ನುವ ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಯಾವುದು ಇನ್‌ಪುಟ್, ಯಾವುದು ಔಟ್‌ಪುಟ್, ಯಾವುದು ಪ್ಯಾರಾಮೀಟರ್, ಯೂನಿಟ್ ಏನು, ಆರಂಭದ ಬೆಲೆ, ಕನಿಷ್ಠ, ಗರಿಷ್ಠ, ಎಲ್ಲಕ್ಕೂ ಅಲ್ಲಿ ಜಾಗ ಇದೆ. ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಹೀಗೆ ಮಾಡೆಲ್ ಹಂಚಿಕೊಳ್ಳುವ ಈ ಎಫ್‌ಎಂಐ ಮಾನದಂಡದ ಮೊದಲ ಆವೃತ್ತಿ ಬಂದದ್ದು 2010ರಲ್ಲಿ, ಏಜೆಂಟ್‌ಗಳ ಮಾತೇ ಇಲ್ಲದ ಕಾಲದಲ್ಲಿ. ಏಜೆಂಟ್‌ಗೆ ಬೇಕಾದದ್ದೂ ಅದೇ. ತೊಂದರೆ ಏನೆಂದರೆ ಯೂನಿಟ್ಟು, ವಿವರಣೆ, ಮಿತಿ, ಇವನ್ನು ತುಂಬಲೇಬೇಕು ಅಂತ ಕಡ್ಡಾಯ ಇಲ್ಲ. ಹಲವರು ಖಾಲಿ ಬಿಡುತ್ತಾರೆ. ನಿಮಗೆ ಬಂದ ಫೈಲ್ ಬಿಚ್ಚಿ ನೋಡಿ. ಖಾಲಿ ಇದ್ದರೆ ನೀವೇ ಊಹಿಸಿ ತುಂಬಲು ಹೋಗಬೇಡಿ, ಸಪ್ಲೈಯರ್‌ಗೆ ವಾಪಸ್ ಕಳಿಸಿ. ಮುಂದಿನ ಪರ್ಚೇಸ್ ಆರ್ಡರ್‌ನಲ್ಲೇ ‘ಎಲ್ಲ ಇನ್‌ಪುಟ್, ಔಟ್‌ಪುಟ್‌ಗೂ ಯೂನಿಟ್, ಮಿತಿ ತುಂಬಿರಬೇಕು’ ಅಂತ ಒಂದು ಸಾಲು ಸೇರಿಸಲು ಪರ್ಚೇಸ್‌ನವರಿಗೆ ಹೇಳಿ.